‘ಅಂಡ್’ ದಾಟಿದ ಮೇಲೆ: ಮಗುವಿನ ಇಂಗ್ಲಿಷ್ ಬರಹ ಬೆಳೆಯುವುದನ್ನು ಗುರುತಿಸುವುದು ಹೇಗೆ?

ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎರಡನೆಯ ಭಾಷೆಯೂ ಅಲ್ಲ, ಮೂರನೆಯದು. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ಪಾಲಕರು ಮತ್ತೆ ಮತ್ತೆ ಕೇಳುವುದು ಒಂದೇ: “ಅಕ್ಕೋರೇ, ನಮ್ಮ ಹುಡುಗಿ ಇಂಗ್ಲಿಷ್ ಸುಧಾರಿಸ್ತೋ ಇಲ್ವೋ?” ಅಂಕಪಟ್ಟಿ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ, ಮಗುವಿನ ನೋಟ್‌ಬುಕ್ ಕೊಡುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಪಾಲಕರೂ ಇದರಲ್ಲಿ ಅರ್ಧ ಕೆಲಸ ಮಾಡಬಹುದು. ಯಾಕೆಂದರೆ ಆ ಅರ್ಧ ಬರೀ ಎಣಿಸುವ ಕೆಲಸ.

ಒಂದೇ ವಿಷಯ, ಎರಡು ಸಲ

ಶಾಲೆ ಶುರುವಾದ ಜೂನ್‌ನಲ್ಲಿ ಮಗುವಿಗೆ ಒಂದು ಹಾಳೆ ಕೊಡಿ. ವಿಷಯ ಅದರ ಕಣ್ಣೆದುರಿನದೇ ಇರಲಿ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಬಂದರು ಹೇಗಿರುತ್ತದೆ ಎಂದು ಬರೆಯಲಿ. ಶಿರಸಿಯ ಕಡೆಯವರಾದರೆ ಅಡಿಕೆ ಕೊಯ್ಲಿನ ಬಗ್ಗೆ. ಇಪ್ಪತ್ತು ನಿಮಿಷ ಸಾಕು. ಗೈಡ್ ಬೇಡ, ಮೊಬೈಲ್ ಬೇಡ, ಪಕ್ಕದಲ್ಲಿ ಕೂತು ಹೇಳಿಕೊಡುವುದೂ ಬೇಡ. ತಾರೀಖು ಹಾಕಿ ಎತ್ತಿಡಿ. ದಸರಾ ರಜೆ ಮುಗಿದ ಮೇಲೆ ಅದೇ ವಿಷಯವನ್ನು, ಹಳೆಯ ಹಾಳೆ ತೋರಿಸದೆ, ಮತ್ತೊಮ್ಮೆ ಬರೆಸಿ.

ಪೂರ್ಣವಿರಾಮ ನಂಬಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ವಾಕ್ಯ ಉದ್ದವಾದರೆ ಮಗು ಬೆಳೆಯಿತು ಅಂದುಕೊಳ್ಳುತ್ತಾರೆ. ನನ್ನ ತರಗತಿಗಳಲ್ಲಿ ಸಿಗುವಂಥ ಮೂರು ವಾಕ್ಯ ನೋಡಿ.

‘ಮೈ ಅಂಕಲ್ ಈಸ್ ಎ ಫಿಶರ್‌ಮನ್ ಅಂಡ್ ಹಿ ಗೋಸ್ ಟು ಸೀ ಅಂಡ್ ಹಿ ಕ್ಯಾಚಸ್ ಫಿಶ್.’

‘ವೆನ್ ದ ರೇನ್ ಸ್ಟಾಪ್ಸ್, ಮೈ ಅಂಕಲ್, ಹೂ ಈಸ್ ಎ ಫಿಶರ್‌ಮನ್, ಗೋಸ್ ಟು ಸೀ.’

‘ದ ಸಡನ್ ಅರೈವಲ್ ಆಫ್ ಮ್ಯಾಕ್ರೆಲ್ ಶೋಲ್ಸ್ ಬ್ರಿಂಗ್ಸ್ ದ ಹೋಲ್ ವಿಲೇಜ್ ಟು ದ ರಂಪಣಿ ನೆಟ್.’ (ರಂಪಣಿ ಎಂದರೆ ದಡದಲ್ಲಿ ನಿಂತು ಅನೇಕರು ಸೇರಿ ಎಳೆಯುವ ದೊಡ್ಡ ಮೀನುಬಲೆ.)

ಪದ ಎಣಿಸಿ: 14, 13, 14. ಉದ್ದದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ಆದರೆ ಒಂದರಿಂದ ಇನ್ನೊಂದಕ್ಕೆ ಬರಲು ಮಗುವಿಗೆ ವರ್ಷಗಳೇ ಬೇಕಾಗುತ್ತವೆ.

ಅಮೆರಿಕದ ಕೆಲ್ಲಾಗ್ ಹಂಟ್ ಎಂಬ ವಿದ್ವಾಂಸರು ಶಾಲಾ ಮಕ್ಕಳ ಬರಹ ಅಳೆಯಲು ಹೊರಟಾಗ ಇದೇ ತೊಡಕು ಎದುರಾಯಿತು. ಚಿಕ್ಕ ಮಕ್ಕಳು ‘ಅಂಡ್’ ಹಾಕುತ್ತ ಹಾಕುತ್ತ ಎಷ್ಟು ಉದ್ದ ಬೇಕಾದರೂ ಎಳೆಯುತ್ತಾರೆ. ಅದಕ್ಕೆ ಅವರು 1965ರಲ್ಲಿ ‘ಟೀ-ಯೂನಿಟ್’ ಎಂಬ ಅಳತೆ ಕೊಟ್ಟರು: ಒಂದು ಮುಖ್ಯ ವಾಕ್ಯ ಮತ್ತು ಅದಕ್ಕೆ ಅಂಟಿಕೊಂಡ ಉಪವಾಕ್ಯಗಳೆಲ್ಲ ಸೇರಿ ಒಂದು ತುಂಡು. ಸ್ವಂತ ಕಾಲ ಮೇಲೆ ನಿಲ್ಲಬಲ್ಲ ಎರಡು ವಾಕ್ಯಗಳ ನಡುವೆ ‘ಅಂಡ್’ ಬಂದರೆ ಅಲ್ಲಿ ಕತ್ತರಿಸಬೇಕು. ಹಾಗೆ ಕತ್ತರಿಸಿದರೆ ಮೊದಲನೆಯದು ಮೂರು ತುಂಡಾಗುತ್ತದೆ, ತುಂಡಿಗೆ ಸರಾಸರಿ ಐದು ಪದವೂ ಇಲ್ಲ. ಎರಡನೆಯದು ಒಂದೇ ತುಂಡು, ಒಳಗೆ ಮೂರು ಕ್ರಿಯಾಪದ. ಮೂರನೆಯದೂ ಒಂದೇ ತುಂಡು, ಆದರೆ ಕ್ರಿಯಾಪದ ‘ಬ್ರಿಂಗ್ಸ್’ ಒಂದೇ; ಉಳಿದ ಭಾರವನ್ನೆಲ್ಲ ನಾಮಪದಗಳೇ ಹೊತ್ತಿವೆ.

ಬೆಳವಣಿಗೆ ಸಾಮಾನ್ಯವಾಗಿ ಸಾಗುವುದು ಇದೇ ಕ್ರಮದಲ್ಲಿ. ಮೊದಲು ಪಕ್ಕಪಕ್ಕ ಜೋಡಿಸುವುದು, ಆಮೇಲೆ ‘ಬಿಕಾಸ್’, ‘ವೆನ್’, ‘ಹೂ’ ಬಳಸಿ ಒಂದರೊಳಗೆ ಒಂದನ್ನು ಸೇರಿಸುವುದು, ಕೊನೆಗೆ ನಾಮಪದದ ಸುತ್ತ ಅರ್ಥವನ್ನು ಒತ್ತಾಗಿ ತುಂಬುವುದು. ಕಾಲೇಜು ಮಟ್ಟದ ಬರಹಕ್ಕೆ ಬೇಕಾಗುವುದು ಹೆಚ್ಚಾಗಿ ಈ ಮೂರನೆಯದು. ಹಾಗಾಗಿ ದ್ವಿತೀಯ ಪಿಯುಸಿಯ ಹುಡುಗನ ಬರಹದಲ್ಲಿ ‘ಬಿಕಾಸ್’ ಕಡಿಮೆಯಾದರೆ ಗಾಬರಿಯಾಗಬೇಡಿ. ಆತ ಮುಂದಿನ ಮೆಟ್ಟಿಲು ಹತ್ತಿರಬಹುದು.

ತಪ್ಪಿನ ಹಿಂದೆ ಕನ್ನಡ ಇದೆ

‘ಪೇಟೆಗೆ ಹೋಗಿ, ಬಂಗುಡೆ ತಂದು, ಸಾರು ಮಾಡಿ, ಉಂಡೆ’ ಅನ್ನುತ್ತೇವೆ. ಹೋಗಿ, ತಂದು, ಮಾಡಿ ಎಂದು ಪೋಣಿಸಿಕೊಂಡು ಹೋಗುವ ಈ ಸೊಗಸನ್ನು ಇಂಗ್ಲಿಷಿಗೆ ತರಲು ಮಗುವಿಗೆ ಸಿಗುವ ದಾರ ‘ಅಂಡ್’ ಒಂದೇ. ಅದು ಸೋಮಾರಿತನವಲ್ಲ.

ಇನ್ನೊಂದು ಕಡೆ ಇದಕ್ಕಿಂತ ಕಷ್ಟ. ‘ನಿನ್ನೆ ಶಿರಸಿಯಿಂದ ಬಂದ ಬಸ್ಸು’ ಎನ್ನುವಾಗ ವಿವರವೆಲ್ಲ ಬಸ್ಸಿಗಿಂತ ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲು ಬಸ್, ಆಮೇಲೆ ‘ವಿಚ್’, ಅದರ ಹಿಂದೆ ವಿವರ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ‘ದ ಬಸ್ ಯೆಸ್ಟರ್‌ಡೇ ಕೇಮ್ ಫ್ರಮ್ ಶಿರಸಿ ವಾಸ್ ಫುಲ್’ ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಇಡೀ ಸಾಲು ಹೊಡೆದು ಹಾಕಿದೆ. ಮುಂದಿನ ಎರಡು ತಿಂಗಳು ಅವಳು ಬರೆದಿದ್ದೆಲ್ಲ ‘ದ ಬಸ್ ಕೇಮ್. ಇಟ್ ವಾಸ್ ಫುಲ್.’ ತಪ್ಪೇ ಇಲ್ಲ, ಬೆಳವಣಿಗೆಯೂ ಇಲ್ಲ. ಆ ಮಗು ಮೊದಲ ಸಲ ಒಂದು ವಾಕ್ಯದೊಳಗೆ ಇನ್ನೊಂದನ್ನು ಇಡಲು ನೋಡಿತ್ತು, ನಾನು ಅದನ್ನು ಕಾಣಲಿಲ್ಲ. ಹೊಸ ರಚನೆಗೆ ಕೈ ಹಾಕಿದಾಗ ತಪ್ಪು ಕೆಲಕಾಲ ಹೆಚ್ಚುವುದು ಸಹಜ. ದಸರಾ ನಂತರದ ಹಾಳೆಯಲ್ಲಿ ತಪ್ಪು ಹೆಚ್ಚಿದ್ದರೆ, ಅವು ಯಾವ ಥರದ ವಾಕ್ಯಗಳಲ್ಲಿವೆ ಎಂದು ನೋಡದೆ ಬೈಯಬೇಡಿ.

ಪದ ಎಣಿಸುವುದು

ಎರಡೂ ಹಾಳೆಯ ಮೊದಲ 100 ಪದಗಳಲ್ಲಿ ಬೇರೆ ಬೇರೆ ಪದ ಎಷ್ಟಿವೆ ಎಂದು ಎಣಿಸಿ. 100ಕ್ಕೇ ನಿಲ್ಲಿಸಿ, ಬರಹ ಉದ್ದವಾದಷ್ಟೂ ‘ದ’, ‘ಈಸ್’ ಮರಳಿ ಮರಳಿ ಬಂದು ಪ್ರಮಾಣ ತಾನಾಗಿ ಇಳಿಯುತ್ತದೆ. ಉದ್ದ ಬರೆದ ಮಗುವಿಗೆ ಅನ್ಯಾಯವಾಗಬಾರದು.

ಯಾವ ಪದ ಕಲಿಸಬೇಕು? ಇಂಗ್ಲಿಷ್ ಬೋಧನೆಯ ತಜ್ಞ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2,000 ಮೂಲಪದಗಳ ಪಟ್ಟಿ ಪ್ರಕಟಿಸಿದರು. ಹೈಸ್ಕೂಲಿಗೆ ಇಂಥ ನಿತ್ಯದ ಪದಗಳ ಮೇಲೆ ಹಿಡಿತ ಬಂದರೆ ದೊಡ್ಡದು. ಕಾಲೇಜಿನತ್ತ ಹೊರಟವರಿಗೆ ಭಾಷಾ ವಿದ್ವಾಂಸೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಕೊಟ್ಟ, ಕಾಲೇಜು ಓದಿನಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳ (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳ) ಪಟ್ಟಿ ಇದೆ. ‘ಯೂಸ್’ ಇರುವಲ್ಲಿ ‘ಯುಟಿಲೈಸ್’ ಬರೆಯುವುದನ್ನು ನಾನು ಬೆಳವಣಿಗೆ ಎನ್ನಲಾರೆ. ‘ರೇನ್ ಕೇಮ್’ ಹೋಗಿ ‘ಇಟ್ ರೇನ್ಡ್’, ‘ಬಿಗ್ ರೇನ್’ ಹೋಗಿ ‘ಹೆವಿ ರೇನ್’ ಬಂದರೆ, ಅದು ಬೆಳವಣಿಗೆ. ‘ಅರೈವ್’ ಗೊತ್ತಿದ್ದ ಮಗು ‘ಅರೈವಲ್’ ಬಳಸಿತೇ, ವಿಶೇಷವಾಗಿ ಗಮನಿಸಿ. ರಂಪಣಿಯ ವಾಕ್ಯ ಸಾಧ್ಯವಾದದ್ದೇ ಆ ಒಂದು ಪದದಿಂದ.

ಮನೆಯಲ್ಲಿ ಹತ್ತು ನಿಮಿಷ

ಮಗುವಿನ ಬರಹದಿಂದಲೇ ಎರಡು ಪುಟ್ಟ ವಾಕ್ಯ ಆರಿಸಿ, ‘ಅಂಡ್’ ಇಲ್ಲದೆ ಸೇರಿಸಲು ಹೇಳಿ. ದಿನಕ್ಕೆ ಎರಡು ಜೋಡಿ ಸಾಕು. ಆ ಹುಡುಗಿಗೂ ನಾನು ಕೊನೆಗೆ ಮಾಡಿದ್ದು ಇದನ್ನೇ. ಅವಳದೇ ‘ದ ಬಸ್ ಕೇಮ್. ಇಟ್ ವಾಸ್ ಫುಲ್’ ಎರಡನ್ನೂ ಬೋರ್ಡಿನ ಮೇಲೆ ಬರೆದು ಚಾಕ್‌ಪೀಸ್ ಅವಳ ಕೈಗೆ ಕೊಟ್ಟೆ. ತುಸು ಹೊತ್ತು ನಿಂತಳು. ಆಮೇಲೆ ‘ಬಸ್’ ಪಕ್ಕದಲ್ಲಿ ಜಾಗ ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ, ‘ವಿಚ್’ ಎಂದು ಬರೆದಳು.