ಕೆಲಸ ಬಿಟ್ಟವರು ಗ್ರೂಪ್ ಬಿಡದಿದ್ದಾಗ

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಕಾಲಕ್ಕೆ ಕೆಲಸ ಮಾಡುವವರಿಗಿಂತ ಕೆಲಸ ಬಿಟ್ಟವರೇ ಜಾಸ್ತಿ ಇದ್ದರು. ತಮಾಷೆಗೆ ಹೇಳುತ್ತಿಲ್ಲ, ಎಣಿಸಿ ನೋಡಿದ ಮೇಲೆ ಗೊತ್ತಾಗಿದ್ದು.

ನಾನು ಹುಬ್ಬಳ್ಳಿಯ ಒಂದು ಏಜೆನ್ಸಿಯಲ್ಲಿ ಆಫೀಸ್ ನೋಡಿಕೊಳ್ಳುತ್ತೇನೆ. ಪಿವಿಸಿ ಪೈಪ್, ಪಂಪ್‌ಸೆಟ್, ವೈರ್ ನಮ್ಮ ವ್ಯಾಪಾರ. ಗದಗ, ಹಾವೇರಿ, ರಾಣೆಬೆನ್ನೂರು, ನರಗುಂದ ಕಡೆಯ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತದೆ. ಬಿಲ್ಲಿಂಗ್, ಲೆಕ್ಕ, ಹುಡುಗರ ಪಗಾರ ನನ್ನ ಕೆಲಸ. ಗ್ರೂಪ್ ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಹಾಗಾಗಿ ಅದೂ ನನ್ನ ತಲೆಗೇ ಬಂತು.

ಆ ಗ್ರೂಪ್‌ನಲ್ಲಿ ಏನಿರಲಿಲ್ಲ ಹೇಳಿ. ಬೆಳಿಗ್ಗೆ ಸಿದ್ಧಾರೂಢರ ಫೋಟೋ ಜೊತೆ ಗುಡ್ ಮಾರ್ನಿಂಗ್. ಅದರ ಕೆಳಗೆ ಲಾರಿ ನಂಬರ್. ಅದರ ಕೆಳಗೆ ಯಾವ ಅಂಗಡಿಯವರ ಚೆಕ್ ಬೌನ್ಸ್ ಆಯಿತು ಅನ್ನೋ ಸುದ್ದಿ. ಆಮೇಲೆ ಯಾರದೋ ಮಗಳ ಮದುವೆ ಪತ್ರಿಕೆ, ಗೋಡೌನ್ ಸ್ಟಾಕ್, ಹೊಸ ರೇಟ್ ಲಿಸ್ಟ್, ಮತ್ತೆ ಒಂದು ಗುಡ್ ಮಾರ್ನಿಂಗ್. ಕೆಲಸ ಬಿಟ್ಟು ಹೋದವರಿಗೆ ಇದರಲ್ಲಿ ಅರ್ಧ ಬೇಕು, ಅರ್ಧ ಬೇಡ. ನಮಗೂ ಅಷ್ಟೇ. ಅವರು ಅರ್ಧ ನೋಡಲಿ, ಅರ್ಧ ನೋಡಬಾರದು.

ಯಾಕೆ ಯಾರೂ ಹೊರಗೆ ಹೋಗಲ್ಲ? ಮೊದಲೆಲ್ಲಾ ಗ್ರೂಪ್ ಬಿಟ್ಟರೆ ‘ಲೆಫ್ಟ್’ ಅಂತ ಎಲ್ಲರಿಗೂ ಕಾಣುತ್ತಿತ್ತು. ಸಿಟ್ಟು ಮಾಡಿಕೊಂಡು ಹೋದ ಹಾಗೆ ಅನಿಸುತ್ತಿತ್ತು. 2022ರಿಂದ ಆ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಆದರೂ ಜನ ಬಿಡುವುದಿಲ್ಲ. ಕೆಲವರಿಗೆ ಹಳೇ ಗೆಳೆಯರು ಬೇಕು. ಕೆಲವರು ಮ್ಯೂಟ್ ಮಾಡಿ ಮರೆತೇ ಹೋಗಿರುತ್ತಾರೆ. ಇನ್ನು ತೆಗೆಯಬೇಕಾದ ನಮಗೆ ದಾಕ್ಷಿಣ್ಯ. ಹತ್ತಾರು ವರ್ಷ ಜೊತೆಗೆ ಚಹಾ ಕುಡಿದವರನ್ನು ಒಂದು ಬೆರಳಿನಿಂದ ಒತ್ತಿ ಹೊರಗೆ ಹಾಕುವುದು ಹೇಗೆ?

ನಮ್ಮ ವ್ಯಾಪಾರದಲ್ಲಿ ಇದು ಬರೀ ದಾಕ್ಷಿಣ್ಯದ ಮಾತಾಗಿ ಉಳಿಯುವುದಿಲ್ಲ. ಪೈಪ್ ರೇಟ್ ಕಚ್ಚಾ ಮಾಲಿನ ಜೊತೆ ಏರಿಳಿಯುತ್ತದೆ. ಕಂಪನಿಯಿಂದ ಸಂಜೆ ಮೆಸೇಜ್ ಬರುತ್ತದೆ, ಮರುದಿನ ಬೆಳಿಗ್ಗೆಯಿಂದ ಹೊಸ ರೇಟ್‌ನಲ್ಲಿ ಬಿಲ್. ನಡುವೆ ಇರುವುದು ಒಂದು ರಾತ್ರಿ. ಆ ರಾತ್ರಿ ಯಾವ ಅಂಗಡಿಯವರಿಗೆ ಮೊದಲು ಗೊತ್ತಾಗುತ್ತದೋ ಅವರು ಹಳೇ ರೇಟ್‌ನಲ್ಲಿ ಆರ್ಡರ್ ಹಾಕುತ್ತಾರೆ. ಬೇಸಿಗೆಯಲ್ಲಿ, ಬೋರ್‌ವೆಲ್ ಕೊರೆಸುವ ಸೀಸನ್‌ನಲ್ಲಿ, ಅದೇ ದೊಡ್ಡ ಮೊತ್ತ. ನಮ್ಮನ್ನು ಬಿಟ್ಟು ಬೇರೆ ಏಜೆನ್ಸಿ ಸೇರಿದ ಸೇಲ್ಸ್ ಹುಡುಗನೊಬ್ಬ ಅದೇ ಗ್ರೂಪ್‌ನಲ್ಲಿದ್ದ. ಅವನು ಗೂಢಚಾರನಾಗಬೇಕಿಲ್ಲ. ಜೇಬಿನಲ್ಲಿ ಫೋನ್ ಟಿಂಗ್ ಅಂದರೆ ಯಾರಾದರೂ ನೋಡೇ ನೋಡುತ್ತಾರೆ.

ಒಮ್ಮೆ ಗದಗದ ಒಬ್ಬ ಅಂಗಡಿಯವರು ನಮ್ಮ ಹುಡುಗ ಹೇಳುವ ಮೊದಲೇ ಹೊಸ ರೇಟ್ ಹೇಳಿದರು. ಯಾರು ಹೇಳಿದ್ದು ಅಂತ ನಾನು ಹುಡುಕಲಿಲ್ಲ. ಹುಡುಕಿದರೆ ಹಳಬರೆಲ್ಲಾ ಕಳ್ಳರಾಗುತ್ತಾರೆ, ಸಿಗುವುದು ಯಾರೂ ಇಲ್ಲ. ಅದಕ್ಕಿಂತ ಗ್ರೂಪ್ ಸರಿ ಮಾಡುವುದು ಸುಲಭ ಅನಿಸಿತು. ಮಾಲಕರು ಮಾತ್ರ ‘ಅದೇನ್ ಮಹಾ, ನಮ್ಮ ಗ್ರೂಪ್ ಯಾರ್ ನೋಡ್ತಾರ್ರೀ’ ಅಂದರು. 2025ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಅಧಿಕಾರಿಗಳು ಯೆಮೆನ್ ಮೇಲಿನ ದಾಳಿಯ ಮಾತಾಡುತ್ತಿದ್ದ, ಸಿಗ್ನಲ್ ಅನ್ನೋ ಆ್ಯಪ್‌ನ ಗ್ರೂಪ್‌ಗೇ ಒಬ್ಬ ಪತ್ರಕರ್ತನನ್ನು ಸೇರಿಸಿಕೊಂಡಿದ್ದರಲ್ಲಾ, ಆ ಸುದ್ದಿ ನೆನಪು ಮಾಡಿದೆ. ನಕ್ಕರು, ಒಪ್ಪಿದರು.

ಮೊದಲು ಮಾಡಿದ್ದು ಪಟ್ಟಿ ಹೋಲಿಸುವ ಕೆಲಸ. ಪಿಎಫ್ ಕಟ್ಟಲು ನಾನು ಪ್ರತಿ ತಿಂಗಳು ನೌಕರರ ಲಿಸ್ಟ್ ತೆಗೆಯುತ್ತೇನೆ. ಅದನ್ನು ಮುಂದಿಟ್ಟುಕೊಂಡು ಗ್ರೂಪ್ ಮೆಂಬರ್‌ಗಳನ್ನು ಒಬ್ಬೊಬ್ಬರಾಗಿ ನೋಡಿದೆ. ಅರ್ಧ ಜನರ ಹೆಸರಿನ ಜಾಗದಲ್ಲಿ ಹೂವು, ಹುಲಿ, ಸಿನಿಮಾ ಹೀರೋ. ಸೇವ್ ಆಗದ ನಂಬರ್‌ಗಳಿಗೆ ಫೋನ್ ಮಾಡಿ ‘ಯಾರ್ರೀ ನೀವು’ ಅಂತ ಕೇಳಬೇಕಾಯಿತು. ನಿಂತುಹೋದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು ಅನ್ನೋದು ನೆನಪಿರಲಿ. ಗ್ರೂಪ್‌ನಲ್ಲಿರುವ ನಂಬರ್ ಇವತ್ತು ಯಾರ ಕೈಯಲ್ಲಿದೆ ಅಂತ ಕೇಳದೆ ಗೊತ್ತಾಗುವುದಿಲ್ಲ. ಈಗ ಪಿಎಫ್ ಕಟ್ಟುವ ಕೆಲಸಕ್ಕೇ ಇದನ್ನೂ ಗಂಟು ಹಾಕಿದ್ದೇನೆ. ಪಿಎಫ್‌ಗೆ 15ನೇ ತಾರೀಕು ಕೊನೆ ದಿನ, ಅದು ತಪ್ಪುವ ಹಾಗಿಲ್ಲ. ಹಾಗಾಗಿ ಗ್ರೂಪ್ ನೋಡುವುದೂ ತಪ್ಪುವುದಿಲ್ಲ.

ಪಟ್ಟಿ ಆಯಿತು, ಇನ್ನು ತೆಗೆಯೋಣ ಅಂದರೆ ಇನ್ನೊಂದು ತೊಡಕು. ಗ್ರೂಪ್ ಶುರು ಮಾಡಿದ್ದು ನಮ್ಮ ಹಳೇ ಮ್ಯಾನೇಜರ್ ಸರ್. ರಿಟೈರ್ ಆಗಿ ಧಾರವಾಡದಲ್ಲಿದ್ದಾರೆ. ವಾಟ್ಸಾಪ್‌ನಲ್ಲಿ ಗ್ರೂಪ್ ಶುರು ಮಾಡಿದವರನ್ನು ಉಳಿದ ಅಡ್ಮಿನ್‌ಗಳು ತೆಗೆಯಲು ಬರುವುದಿಲ್ಲ. ಅವರೇ ಬಿಡಬೇಕು. ನಾನು ಇದನ್ನೇ ಒಳ್ಳೇದು ಅಂದುಕೊಂಡೆ. ಯಾರನ್ನೂ ತೆಗೆಯುವುದೇ ಬೇಡ, ಕೆಲಸವನ್ನೇ ಬೇರೆ ಕಡೆ ಒಯ್ಯೋಣ ಅಂತ ತೀರ್ಮಾನ ಮಾಡಿದೆ. ಹಳೇ ಗ್ರೂಪ್ ಇದ್ದ ಹಾಗೇ ಇರಲಿ, ಹೆಸರು ‘ನಮ್ಮ ಬಳಗ’ ಅಂತ ಬದಲಾಗಲಿ. ಮದುವೆ, ಹುಟ್ಟುಹಬ್ಬ, ಗುಡ್ ಮಾರ್ನಿಂಗ್ ಎಲ್ಲಾ ಅಲ್ಲಿ. ರೇಟ್, ಸ್ಟಾಕ್, ಲಾರಿ ಹೊಸ ಗ್ರೂಪ್‌ಗಳಲ್ಲಿ.

ಸರ್‌ಗೆ ನಾನೇ ಫೋನ್ ಮಾಡಿದೆ. ಏನಂದುಕೊಳ್ಳುತ್ತಾರೋ ಅಂತ ಅಳುಕಿತ್ತು. ‘ಅಲ್ಲ ತಂಗಿ, ಇದನ್ನ ಮೊದಲ ಮಾಡಬೇಕಾಗಿತ್ತು. ನಿಮ್ಮ ಚೆಕ್ ಬೌನ್ಸ್ ಸುದ್ದಿ ಓದಿ ಓದಿ ನನ್ನ ಬಿಪಿ ಏರಾಕ್ಹತ್ತಿತ್ತು’ ಅಂದರು.

ಗ್ರೂಪ್ ಮಾಡುವುದು ಐದು ನಿಮಿಷದ ಕೆಲಸ. ಜನರನ್ನು ಅಲ್ಲಿಗೆ ತರುವುದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಬೆರಳಿಗೆ ಹಳೇ ಗ್ರೂಪ್ ಅಭ್ಯಾಸ ಆಗಿರುತ್ತದೆ. ಸ್ಟಾಕ್ ಕೇಳುವವರು ಅಲ್ಲೇ ಕೇಳುತ್ತಿದ್ದರು, ಗೋಡೌನ್‌ನವರು ಅಲ್ಲೇ ಉತ್ತರ ಕೊಡುತ್ತಿದ್ದರು. ಗ್ರೂಪ್‌ನಲ್ಲಿ ಯಾರನ್ನೂ ಗದರಿಸಬಾರದು ಅಂತ ನಾನು ಮೊದಲೇ ಅಂದುಕೊಂಡಿದ್ದೆ. ಹಳಬರು ಅದನ್ನು ಓದಿದರೆ ‘ನಮ್ಮಿಂದ ಮುಚ್ಚಿಡ್ತಿದಾರೆ’ ಅನಿಸುತ್ತದೆ, ಅಲ್ವಾ? ಹಾಗಾಗಿ ಅಲ್ಲಿ ಸುಮ್ಮನಿದ್ದು, ಆಯಾ ಹುಡುಗನಿಗೆ ಬೇರೆಯಾಗಿ ‘ಆ ಗ್ರೂಪ್‌ನ್ಯಾಗ ಹಾಕಪಾ, ಇಲ್ಲಿ ಅಳಿಸು’ ಅಂತ ಮೆಸೇಜ್ ಹಾಕುತ್ತಿದ್ದೆ. ಹಾಕಿದ ಮೆಸೇಜನ್ನು ಎಲ್ಲರ ಫೋನ್‌ನಿಂದಲೂ ಅಳಿಸಲು ಸುಮಾರು ಎರಡೂವರೆ ದಿನ ಅವಕಾಶ ಇರುತ್ತದೆ. ಎಲ್ಲರಿಗಿಂತ ಕಷ್ಟ ಕೊಟ್ಟವರು ಮಾಲಕರೇ. ರಾತ್ರಿ ಊಟದ ಮೇಲೆ ರೇಟ್ ಲಿಸ್ಟ್ ನೇರ ಬಳಗಕ್ಕೆ ಫಾರ್ವರ್ಡ್! ಕೊನೆಗೆ ಅವರ ಫೋನ್ ತೆಗೆದುಕೊಂಡು ಹೊಸ ಗ್ರೂಪನ್ನು ಮೇಲೆ ಪಿನ್ ಮಾಡಿ, ಬಳಗವನ್ನು ಆರ್ಕೈವ್ ಮಾಡಿಕೊಟ್ಟೆ. ಅವತ್ತಿಂದ ನಿಂತಿತು.

ಹೊಸದರಲ್ಲಿ ರೇಟ್ ಗ್ರೂಪ್ ಬೇರೆ, ಡಿಸ್ಪ್ಯಾಚ್ ಗ್ರೂಪ್ ಬೇರೆ ಮಾಡಿದೆ. ರೇಟ್ ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಎರಡರಲ್ಲೂ ಹೊಸಬರನ್ನು ಸೇರಿಸುವುದು ಅಡ್ಮಿನ್ ಕೆಲಸ. ಇನ್‌ವೈಟ್ ಲಿಂಕ್ ಯಾರಿಗೂ ಕೊಡುವುದಿಲ್ಲ, ಅದು ಯಾರ ಕೈಗೆ ಸಿಕ್ಕರೂ ಒಳಗೆ ಬರಬಹುದು. ಒಮ್ಮೆ ಹೊರಗೆ ಹೋಗಿದ್ದರೆ ಲಿಂಕ್ ರೀಸೆಟ್ ಮಾಡಿಬಿಡಿ. ಅಡ್ಮಿನ್ ಕನಿಷ್ಠ ಇಬ್ಬರಿರಬೇಕು. ಒಬ್ಬರೇ ಇದ್ದು ಅವರು ಬಿಟ್ಟು ಹೋದರೆ ವಾಟ್ಸಾಪ್ ತಾನೇ ಯಾರನ್ನೋ ಒಬ್ಬರನ್ನು ಅಡ್ಮಿನ್ ಮಾಡುತ್ತದೆ. ಇನ್ನೊಬ್ಬ ಅಡ್ಮಿನ್ ಆಗಿ ಅಂದರೆ ನಮ್ಮಲ್ಲಿ ಎಲ್ಲರೂ ಹಿಂದೆ ಸರಿದರು. ಯಾರೋ ಏನೋ ಹಾಕಿದರೆ ಅಡ್ಮಿನ್ ಜೈಲಿಗೆ ಹೋಗಬೇಕು ಅನ್ನೋ ಭಯ. ಬರೀ ಅಡ್ಮಿನ್ ಆಗಿದ್ದಕ್ಕೆ ಬೇರೆಯವರ ಮೆಸೇಜ್‌ಗೆ ಹೊಣೆಯಾಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಇಷ್ಟು ಹೇಳಿದ ಮೇಲೆ ಗೋಡೌನ್ ಇನ್‌ಚಾರ್ಜ್ ಒಪ್ಪಿಕೊಂಡರು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಗ್ರೂಪ್‌ನಿಂದ ತೆಗೆದರೆ ಮುಂದಿನ ಮೆಸೇಜ್ ಹೋಗುವುದಿಲ್ಲ, ಅಷ್ಟೇ. ಹಿಂದಿನದ್ದೆಲ್ಲಾ ಅವರ ಫೋನ್‌ನಲ್ಲಿ ಹಾಗೇ ಇರುತ್ತದೆ. ಹಳೇ ಗ್ರೂಪ್ ಮೇಲೆ ಮೇಲೆ ಸರಿಸಿ ನೋಡಿದಾಗ ರೇಟ್ ಲಿಸ್ಟ್‌ಗಿಂತ ಜಾಸ್ತಿ ಕಸಿವಿಸಿ ಆಗಿದ್ದು ಹೆಲ್ಪರ್ ಹುಡುಗರ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಫೋಟೋ ನೋಡಿ. ಪಗಾರ ಖಾತೆಗೆ ಬೇಕು ಅಂದಾಗ ಎಲ್ಲರೂ ಗ್ರೂಪ್‌ಗೇ ಹಾಕಿದ್ದರು. ಅವು ಈಗ ಯಾರ್ಯಾರ ಗ್ಯಾಲರಿಯಲ್ಲಿವೆಯೋ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂತ 2023ರಲ್ಲಿ ಬಂದಿದೆ. ಅದನ್ನು ಬದಿಗಿಟ್ಟರೂ, ಹುಡುಗರ ಕಾಗದ ಕಾಯುವುದು ನಮ್ಮ ಜವಾಬ್ದಾರಿ ತಾನೇ. ಈಗ ಕಾಗದಪತ್ರ ನನ್ನ ಆಫೀಸ್ ನಂಬರ್‌ಗೆ ಮಾತ್ರ. ಅಂಗಡಿಗಳ ಬಾಕಿ ಲಿಸ್ಟ್ ಯಾವ ಗ್ರೂಪ್‌ಗೂ ಇಲ್ಲ. ಯಾವ ಹುಡುಗ ಯಾವ ಲೈನ್‌ಗೆ, ಅಂದರೆ ಯಾವ ಊರುಗಳ ಕಡೆಗೆ, ಹೋಗುತ್ತಾನೋ ಅವನಿಗೆ ಅವನ ಲೈನ್‌ದಷ್ಟೇ ಕಳಿಸುತ್ತೇನೆ. ನನಗೆ ಕೆಲಸ ಜಾಸ್ತಿ, ಹೌದು. ಆದರೆ ಒಬ್ಬ ಅಂಗಡಿಯವರ ಉದ್ರಿ ಇನ್ನೊಂದು ಏಜೆನ್ಸಿಗೆ ಗೊತ್ತಾದರೆ ಅವರಿಗೆ ಮಾಲು ಸಿಗುವುದೇ ಕಷ್ಟ.

ಇನ್ನು ಬಿಟ್ಟು ಹೋಗುವ ದಿನದ ಕ್ರಮ. ಅದನ್ನು ಕಲಿಸಿದ್ದು ಒಬ್ಬ ಡಿಸ್ಪ್ಯಾಚ್ ಹುಡುಗ. ಅವನು ರಾಜೀನಾಮೆ ಕೊಟ್ಟ ರಾತ್ರಿಯೇ ಮಾಲಕರು ಸಿಟ್ಟಿನಲ್ಲಿ ಅವನನ್ನು ಗ್ರೂಪ್‌ನಿಂದ ತೆಗೆದರು. ಬೆಳಿಗ್ಗೆ ನನಗೆ ಫೋನ್. ‘ಯಾಕ್ರೀ ಅಕ್ಕಾರ, ನಾ ಏನ್ ಕಳುವು ಮಾಡೀನೇನ್ರಿ? ತಗದಿದ್ದಕ್ಕ ಬ್ಯಾಸರಿಲ್ರಿ, ಎಲ್ಲಾರ ಮುಂದ ತಗದ್ರಲ್ಲ.’ ತೆಗೆದದ್ದು ಗ್ರೂಪ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ತಾನೇ ಬಿಟ್ಟರೆ ಹಾಗೆ ಕಾಣುವುದಿಲ್ಲ. ಅವನ ನೋವು ಅಲ್ಲಿತ್ತು.

ಆಮೇಲಿಂದ ಕೊನೆಯ ದಿನ ಬೀಗದ ಕೈ, ವಸೂಲಿ ಪುಸ್ತಕ ಒಪ್ಪಿಸುವಾಗಲೇ ಗ್ರೂಪ್ ಮಾತೂ ಮುಗಿಸುತ್ತೇವೆ. ನನ್ನ ಟೇಬಲ್ ಮುಂದೆ ಕೂತು ಅವರೇ ಎಕ್ಸಿಟ್ ಆಗುತ್ತಾರೆ. ಸಂಜೆ ಗಿರ್ಮಿಟ್, ಮಿರ್ಚಿ ತರಿಸಿ ಬೀಳ್ಕೊಡುಗೆ. ಆ ಫೋಟೋ ಬಳಗದಲ್ಲಿ ಬರುತ್ತದೆ, ಅವರೂ ಅಲ್ಲಿ ಇರುತ್ತಾರೆ. ಜಗಳ ಮಾಡಿಕೊಂಡು ಹೋದವರಿಗೆ ಮಿರ್ಚಿ ಇಲ್ಲ, ಆದರೆ ಫೋನ್ ಮಾಡಿ ಹೇಳದೆ ತೆಗೆಯುವುದಿಲ್ಲ.

ಕಂಪನಿ ಸಿಮ್ ಇದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ. ವಾಟ್ಸಾಪ್ ಗ್ರೂಪ್ ಇರುವುದು ನಂಬರ್ ಮೇಲೆ. ಸಿಮ್ ಸುಮ್ನೆ ವಾಪಸ್ ತೆಗೆದುಕೊಂಡು ಹೊಸ ಹುಡುಗನಿಗೆ ಕೊಟ್ಟರೆ ಹಳಬನ ಗ್ರೂಪ್‌ಗಳು ಹೊಸಬನಿಗೆ ಬರುತ್ತವೆ. ನಮ್ಮ ಗ್ರೂಪ್ ಅಷ್ಟೇ ಬಂದರೆ ಪರವಾಗಿಲ್ಲ, ಅವನ ಮನೆಯವರ ಗ್ರೂಪ್, ಊರ ಜಾತ್ರೆ ಕಮಿಟಿ ಗ್ರೂಪ್ ಕೂಡ! ಹಾಗಾಗಿ ಮೊದಲು ಆಫೀಸ್ ಗ್ರೂಪ್‌ಗಳಿಂದ ಹೊರಗೆ ಬರಬೇಕು. ಆಮೇಲೆ ಅವರು ‘ಚೇಂಜ್ ನಂಬರ್’ ಮಾಡಿ ತಮ್ಮ ಸ್ವಂತ ನಂಬರ್‌ಗೆ ಹೋಗಬೇಕು. ಆಮೇಲೆ ಸಿಮ್ ವಾಪಸ್. ಹಿಂದುಮುಂದಾದರೆ ಆಫೀಸ್ ಗ್ರೂಪ್‌ಗಳೂ ಅವರ ಜೊತೆ ಸ್ವಂತ ನಂಬರ್‌ಗೆ ಹೋಗಿಬಿಡುತ್ತವೆ.

ಗ್ರೂಪ್ ಲಿಸ್ಟ್‌ನಲ್ಲಿ ಕಾಣದೆಯೂ ಹಳಬರು ಒಳಗೆ ಇರಬಹುದು. ಆಫೀಸ್ ನಂಬರ್‌ನ ವಾಟ್ಸಾಪನ್ನು ನಾಲ್ಕು ಬೇರೆ ಸಾಧನಗಳಿಗೆ ಜೋಡಿಸಬಹುದು. ನಮ್ಮ ಹಿಂದಿನ ಬಿಲ್ಲಿಂಗ್ ಹುಡುಗ ಮನೆಯಿಂದ ಕೆಲಸ ಮಾಡಲು ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡಿದ್ದ. ಕೆಲಸ ಬಿಟ್ಟ ಮೇಲೂ ಅದು ಹಾಗೇ ಇತ್ತು. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಜೋಡಣೆ ತಾನೇ ಬಿಡುತ್ತದೆ. ಆದರೆ ಆಫೀಸ್ ಫೋನ್ ದಿನಾ ಬಳಸುತ್ತೇವಲ್ಲ. ಅವನಿಗೆ ಹೇಳಿದಾಗ ಅವನಿಗೇ ನೆನಪಿರಲಿಲ್ಲ. ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆಗೆದು ನೋಡುವುದನ್ನೂ ಈಗ ಪಿಎಫ್ ದಿನದ ಕೆಲಸಕ್ಕೆ ಸೇರಿಸಿದ್ದೇನೆ. ನೀವು ಇದೊಂದನ್ನು ಇವತ್ತೇ ನೋಡಿ.

ಇಷ್ಟೆಲ್ಲಾ ಮಾಡಿದ್ದರಿಂದ ಒಂದು ನಷ್ಟವೂ ಆಯಿತು. ರಿಟೈರ್ ಆದ ಗೋಡೌನ್ ಕಾಕಾ ಮೊದಲು ಕೆಲಸದ ಗ್ರೂಪ್‌ನಲ್ಲೇ ಇದ್ದಾಗ, ಯಾರಾದರೂ ಹಳೇ ಸೈಜಿನ ಫಿಟ್ಟಿಂಗ್ ಕೇಳಿದರೆ ಮನೆಯಲ್ಲಿ ಕೂತೇ ‘ಎಡಗಡೆ ಮೂಲೆ, ಮೇಲಿನ ರ‍್ಯಾಕ್’ ಅಂತ ಬರೆಯುತ್ತಿದ್ದರು. ಈಗ ಅವರಿಗೆ ಫೋನ್ ಮಾಡಿ ಕೇಳಬೇಕು. ಹುಡುಗರು ಕೇಳುವುದಿಲ್ಲ, ಸುಮ್ನೆ ‘ಇಲ್ಲ’ ಅಂದುಬಿಡುತ್ತಾರೆ. ಇದಕ್ಕೆ ದಾರಿ ಇನ್ನೂ ಸಿಕ್ಕಿಲ್ಲ.

ಬಗೆಹರಿಯದೆ ಉಳಿದದ್ದು ಇನ್ನೊಂದು, ಹಾವೇರಿ ಕಡೆಯ ಅಂಗಡಿಗಳ ಗ್ರೂಪ್. ನಮ್ಮ ಏಜೆನ್ಸಿ ಹೆಸರಿನಲ್ಲೇ ಇದೆ. ಶುರು ಮಾಡಿದ್ದು ಆ ಸೇಲ್ಸ್ ಹುಡುಗ, ಅವನ ಸ್ವಂತ ನಂಬರ್‌ನಿಂದ. ಈಗ ಅಲ್ಲಿ ಅವನ ಹೊಸ ಏಜೆನ್ಸಿ ಸ್ಕೀಮ್‌ಗಳು ಬರುತ್ತವೆ. ತೆಗೆಯುವ ಹಾಗಿಲ್ಲ. ಹೆಸರಾದರೂ ಬದಲಿಸು ಅಂತ ಕೇಳಿದೆ, ‘ಆತ್ರೀ ಅಕ್ಕಾರ’ ಅಂದ, ಬದಲಿಸಿಲ್ಲ. ನಾವು ಆಫೀಸ್ ನಂಬರ್‌ನಿಂದ ಬೇರೆ ಗ್ರೂಪ್ ಮಾಡಿದ್ದೇವೆ. ಅಂಗಡಿಯವರು ಎರಡರಲ್ಲೂ ಇದ್ದಾರೆ, ಎರಡೂ ರೇಟ್ ನೋಡಿ ಆರ್ಡರ್ ಹಾಕುತ್ತಾರೆ. ಈಗ ಹೊಸ ಸೇಲ್ಸ್ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ: ಅಂಗಡಿಯವರ ಗ್ರೂಪ್ ಬೇಕಾದರೆ ನನಗೆ ಹೇಳು, ಆಫೀಸ್ ಫೋನ್‌ನಿಂದ ನಾನೇ ಮಾಡಿಕೊಡುತ್ತೇನೆ.