ಹೊಸ ರಿವಾಲ್ವರ್‌ನ ಸಿಲಿಂಡರ್ ಅಲ್ಲಾಡುತ್ತಿತ್ತು: ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ತೋಟಾ ಕೋವಿ ಇದೆ. ಅದನ್ನು ಒರೆಸಿ ಎಣ್ಣೆ ಹಾಕಿ ಇಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಅಂಥ ಕೋವಿಯಲ್ಲಿ ಅಲ್ಲಾಡುವ ಭಾಗವೇ ಕಡಿಮೆ. ನಳಿಗೆ ಕೂರುವ ಜಾಗದಲ್ಲಿ ಆಟ (ಸಡಿಲ) ಬಂತು ಅಂದರೆ ಸವೆದಿದೆ ಅಂತಲೇ ಅರ್ಥ.

2024ರ ಜನವರಿಯಲ್ಲಿ .32 ಬೋರಿನ ಹೊಸ ರಿವಾಲ್ವರ್ ತಂದೆ. ಆರು ತೋಟಾ ಹಿಡಿಯುತ್ತದೆ, ತೋಟಾ ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಮಾದರಿ. ಮನೆಗೆ ಬಂದು ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು ಸಿಲಿಂಡರ್ ಹಿಡಿದರೆ ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡುತ್ತಿದೆ! ಹತ್ತು ಸಲ ತಿರುಗಿಸುವಷ್ಟರಲ್ಲಿ ಸಿಲಿಂಡರ್ ಸುತ್ತಲೂ ಒಂದು ತೆಳ್ಳಗಿನ ಗೆರೆಯೂ ಬಿತ್ತು. ಟ್ರಿಗರ್ ಅಂತೂ ಕಲ್ಲಿನಷ್ಟು ಬಿಗಿ. ಅಷ್ಟು ದುಡ್ಡು ಕೊಟ್ಟು ಕೆಟ್ಟ ಮಾಲು ತಂದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಡೀಲರ್‌ಗೆ ಫೋನ್ ಮಾಡಿದೆ. ವಯಸ್ಸಾದವರು, ತಾಳ್ಮೆ ಇರುವವರು. "ಮಾರಾಯ್ರೇ, ಟ್ರಿಗರ್ ಪೂರ್ತಿ ಎಳೆದು ಹಾಗೇ ಹಿಡ್ಕೊಂಡು ನೋಡಿದ್ರಾ?" ಅಂದರು. ನೋಡಿರಲಿಲ್ಲ. ಸಿಲಿಂಡರಿನಲ್ಲಿ ತೋಟಾ ಕೂರುವ ಖಾಲಿ ಕೋಣೆಗಳಿಗೆ ಪ್ಲಾಸ್ಟಿಕ್ಕಿನ ಡಮ್ಮಿ ತೋಟಾ ಹಾಕಿ, ಟ್ರಿಗರ್ ಎಳೆದು ಬಿಡದೆ ಹಿಡಿದು ನೋಡಿದರೆ ಆ ಆಟ ಮುಕ್ಕಾಲು ಭಾಗ ಇಲ್ಲ. ಟ್ರಿಗರ್ ಬಿಟ್ಟಾಗ ಸಿಲಿಂಡರನ್ನು ಹಿಡಿದಿರುವುದು ಕೆಳಗಿನ ಚಿಕ್ಕ ಸ್ಟಾಪ್ ಒಂದೇ, ಅದು ಸಿಲಿಂಡರ್ ಹೊರಮೈಯ ಗುಳಿಯೊಳಗೆ ತುಸು ಸಡಿಲವಾಗಿಯೇ ಕೂರುತ್ತದೆ. ಟ್ರಿಗರ್ ಎಳೆದಾಗ ಹಿಂದಿನಿಂದ ತಿರುಗಿಸುವ ಕಡ್ಡಿಯೂ ಒತ್ತಿ ಹಿಡಿಯುತ್ತದೆ. ಗುಂಡು ಹಾರುವ ಗಳಿಗೆಯಲ್ಲಿ ಎಷ್ಟು ಆಟ ಇದೆ ಅನ್ನುವುದೇ ಲೆಕ್ಕ. ಆಗಲೂ ಕೂದಲೆಳೆಯಷ್ಟು ಅಲ್ಲಾಡಿದರೆ ಹೆಚ್ಚಿನ ಮಾದರಿಗಳಲ್ಲಿ ಅದು ಸಹಜವೇ.

ಗೆರೆಗೂ ಕಾರಣ ಅದೇ ಸ್ಟಾಪ್. ಗುಳಿಗೆ ಬೀಳುವ ಮೊದಲು ಸಿಲಿಂಡರ್ ಮೈಯನ್ನು ಸವರಿಕೊಂಡು ಹೋಗುತ್ತದೆ. ಬಣ್ಣ ಮಾತ್ರ ಹೋಗಿ ಉಗುರಿಗೆ ಏನೂ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಲೋಹವೇ ಕೆತ್ತಿಹೋಗುತ್ತಿದ್ದರೆ ತೋರಿಸಬೇಕು. ಇನ್ನು ಟ್ರಿಗರ್: ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಿಸಿ, ತೋಟಾಕ್ಕೆ ಹೊಡೆತ ಕೊಡುವ ಹ್ಯಾಮರ್ ಹಿಂದಕ್ಕೆ ಒಯ್ದು, ಬಿಡಲೂ ಬೇಕು. ಬಿಗಿ ಇರದೆ ಆಗುವುದಿಲ್ಲ. ಹ್ಯಾಮರ್ ಮೊದಲೇ ಎಳೆದಿಟ್ಟರೆ ಅದೇ ಟ್ರಿಗರ್ ಹಗುರ. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿಕೊಳ್ಳುವವರಿದ್ದಾರೆ, ದಯವಿಟ್ಟು ಆ ಕೆಲಸ ಬೇಡ. ಹೊಡೆತ ಸೋತು, ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಹತ್ತದೇ ಹೋಗಬಹುದು.

ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದಿಯನ್ನೂ ಅಳೆದೆ. ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇರುತ್ತದಲ್ಲ, ಅದನ್ನೇ ತಂದೆ. 0.15 ಮಿಲಿಮೀಟರ್ ಎಲೆ ಹೋಯಿತು, 0.20 ಹೋಗಲಿಲ್ಲ. ಸುಮಾರಾಗಿ 0.1ರಿಂದ 0.2ರೊಳಗೆ ಇದ್ದರೆ ಸರಿ. ಸಂದಿ ಪೂರ್ತಿ ಮುಚ್ಚಿದ್ದರೆ ನಾಲ್ಕು ಈಡು ಹೊಡೆದು ಬಿಸಿಯಾದ ಮೇಲೆ ಸಿಲಿಂಡರ್ ಉಜ್ಜಿಕೊಂಡು ಹಿಡಿದುಕೊಳ್ಳುತ್ತದೆ. ಹಾಗಾಗಿ ಸಂದಿ ಇರಲೇಬೇಕು. ಬೆರಳು ಮಾತ್ರ ಆ ಸಂದಿಯ ಪಕ್ಕಕ್ಕೆ ಹೋಗಬಾರದು, ಬಿಸಿ ಗಾಳಿ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ.

ಇಲ್ಲಿಯವರೆಗೆ ಎಲ್ಲ ಸಹಜವಾದದ್ದೇ. ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು, ಆಯುಧ ಇಟ್ಟುಕೊಂಡ ಉಳಿದವರ ಹಾಗೆ ನಾನೂ ಚುನಾವಣೆ ಮುಗಿಯುವವರೆಗೆ ರಿವಾಲ್ವರನ್ನು ಜಮಾ ಮಾಡಿದೆ. ವಾಪಸ್ ಸಿಕ್ಕಿದ್ದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ತಂದು ಖಾಲಿ ಮಾಡಿ, ಹ್ಯಾಮರನ್ನು ಹೆಬ್ಬೆರಳಿನಿಂದ ತುಂಬಾ ನಿಧಾನವಾಗಿ ಎಳೆದು ನೋಡಿದೆ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವುದರೊಳಗೆ ಸಿಲಿಂಡರ್ ಟಕ್ ಅಂತ ಲಾಕ್ ಆಗಿರಬೇಕು. ಒಂದು ಸಲ ಆಗಲಿಲ್ಲ. ಸ್ಟಾಪ್ ಏಳಲೇ ಇಲ್ಲ, ಸಿಲಿಂಡರ್ ಗುಳಿ ದಾಟಿ ಮುಂದೆ ಹೋಯಿತು.

ಇದು ಸಹಜವಲ್ಲ. ತೋಟಾ ಬ್ಯಾರೆಲ್‌ಗೆ ನೇರ ಇಲ್ಲದಾಗ ಈಡು ಹಾರಿದರೆ ಗುಂಡು ಬ್ಯಾರೆಲ್ ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣು ಹೋಗಬಹುದು.

ಆರೂ ಕೋಣೆಗಳ ಹೊರಮೈಗೆ ಮಾರ್ಕರ್‌ನಲ್ಲಿ 1ರಿಂದ 6 ಬರೆದೆ. ಐದು ಸುತ್ತು, ಒಟ್ಟು 30 ಸಲ ನಿಧಾನ ಎಳೆದು, ತಪ್ಪಿದ ಸಂಖ್ಯೆಯನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಯಾರಿಗಾದರೂ ಉಪಯೋಗವಾಗುವುದಾದರೆ ಇದೊಂದೇ ಕೆಲಸ ಸಾಕು. ಪ್ರತಿ ಸಲ ಒಂದೇ ಕೋಣೆ ತಪ್ಪಿದರೆ ಆ ಕೋಣೆಯ ಹಲ್ಲಿನಲ್ಲೋ (ತಿರುಗಿಸುವ ಕಡ್ಡಿ ತಳ್ಳುವ ಜಾಗ) ಗುಳಿಯಲ್ಲೋ ದೋಷ ಇರುವ ಸಾಧ್ಯತೆ ಜಾಸ್ತಿ. ನನ್ನದು ಒಮ್ಮೆ 2, ಒಮ್ಮೆ 5, ಆಮೇಲೆ 3, ಹೀಗೆ ಎಲ್ಲೆಲ್ಲೋ ತಪ್ಪುತ್ತಿತ್ತು. ಅಂದರೆ ಸಿಲಿಂಡರ್‌ನದು ತಪ್ಪಲ್ಲ, ಸ್ಟಾಪ್ ಎಲ್ಲೋ ಅಂಟಿಕೊಳ್ಳುತ್ತಿದೆ.

ನಾನಾಗಿ ಬಿಚ್ಚಲಿಲ್ಲ. ರಿಪೇರಿ ಲೈಸೆನ್ಸ್ ಇರುವ ಕಡೆ ಚೀಟಿ ಸಮೇತ ಒಯ್ದೆ. ಚೀಟಿ ನೋಡಿದ ಕೂಡಲೇ ಅವರು ಪಕ್ಕದ ಪ್ಲೇಟ್ ತೆಗೆದರು. ಹೊಸದರಲ್ಲಿ ತುಕ್ಕು ಹಿಡಿಯದಿರಲಿ ಅಂತ ತುಂಬಿದ್ದ ಗ್ರೀಸ್ ಒಳಗೆ ಜೇನುಮೇಣದ ಹಾಗೆ ಗಟ್ಟಿಯಾಗಿತ್ತು. ತಂದ ವಾರವೇ ಅದನ್ನು ತೆಗೆಸಬೇಕಿತ್ತು, ನಾನು ಹೊರಗೆ ಮಾತ್ರ ಒರೆಸಿ ಸುಮ್ನೆ ಇದ್ದೆ. ತೊಳೆದು, ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು, ಮುಚ್ಚಿದರು. ಅಲ್ಲೇ 60 ಸಲ ಎಳೆದು ನೋಡಿದೆ, ಒಂದೂ ತಪ್ಪಲಿಲ್ಲ.

ಮುಂದೆ ರೇಂಜ್‌ನಲ್ಲಿ 20 ಈಡು ಆದ ಮೇಲೆ ಸಿಲಿಂಡರ್ ತಿರುಗಲು ಬಿಗಿಯಾಯಿತು. ಈ ಸಲ ಗಾಬರಿಯಾಗಲಿಲ್ಲ. ಖಾಲಿ ತೋಟಾ ಹೊರಗೆ ತಳ್ಳುವ ನಕ್ಷತ್ರದ ಆಕಾರದ ಭಾಗ ಇದೆಯಲ್ಲ, ಅದರ ಅಡಿ ಸುಡದ ಮದ್ದಿನ ಕಣ ಸಿಕ್ಕಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ, ಸರಿಹೋಯಿತು. ಈಗ ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿ ಇಡುವುದಿಲ್ಲ, ನಮ್ಮ ಮಳೆಗೆ ಚರ್ಮ ನೀರು ಹಿಡಿದುಕೊಂಡು ಲೋಹಕ್ಕೆ ತುಕ್ಕು ಹತ್ತಿಸುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ತಿಂಗಳಿಗೊಮ್ಮೆ ತೆಗೆದು, ಖಾಲಿ ಇದೆಯಾ ನೋಡಿ, ಆರೂ ಕೋಣೆ ನಿಧಾನವಾಗಿ ಎಳೆದು ನೋಡುತ್ತೇನೆ.