ಅಮೆರಿಕದ ಅಯೋವಾ ರಾಜ್ಯಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ ಕನ್ನಡ ಕೂಟದ ಮಾರ್ಗದರ್ಶಿ

ಬ್ಯಾಂಕ್ ಖಾತೆ, ವಿಮೆ, ಶಾಲೆಯ ದಾಖಲಾತಿ ಮೊದಲಾದವನ್ನು ನಿಮ್ಮ ಕಂಪನಿಯವರೋ ವಿಶ್ವವಿದ್ಯಾಲಯದವರೋ ವಿವರಿಸುತ್ತಾರೆ. ಅವರು ಹೇಳದೆ ಬಿಡುವುದನ್ನಷ್ಟೇ ಇಲ್ಲಿ ಬರೆದಿದ್ದೇವೆ.

ನೆಲಮಾಳಿಗೆ

ಸುಂಟರಗಾಳಿ ಏಳುವ ಸಂಭವವಿದ್ದರೆ ‘ವಾಚ್’, ಎದ್ದದ್ದು ಕಣ್ಣಿಗೋ ರಾಡಾರಿಗೋ ಬಿದ್ದರೆ ‘ವಾರ್ನಿಂಗ್’ ಹೊರಡುತ್ತದೆ. ಸೈರನ್ ಕೇಳಿದೊಡನೆ ಮೊಬೈಲ್ ಹಿಡಿದು ಅಂಗಳಕ್ಕೆ ಓಡುವುದು ನಮ್ಮವರ ಚಾಳಿ. ದಯವಿಟ್ಟು ಮಕ್ಕಳೊಂದಿಗೆ ನೆಲಮಾಳಿಗೆಗೆ ಇಳಿಯಿರಿ, ಅದಿಲ್ಲದಿದ್ದರೆ ಕೆಳ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಕೋಣೆಯನ್ನೋ ಬಚ್ಚಲುಮನೆಯನ್ನೋ ಸೇರಿರಿ. 2020ರ ಆಗಸ್ಟ್ 10ರಂದು ಬೀಸಿದ ‘ಡೆರೇಚೊ’ ಎಂಬುದು ಸುಂಟರಗಾಳಿಯೂ ಅಲ್ಲ, ನೇರವಾಗಿ ನುಗ್ಗಿದ ಬಿರುಗಾಳಿ. ಅದಕ್ಕೆ ಸೀಡರ್ ರಾಪಿಡ್ಸ್ ನಗರದ ಅರ್ಧಕ್ಕೂ ಹೆಚ್ಚು ಮರಗಳ ನೆರಳು ಅಳಿಯಿತು, ಎಷ್ಟೋ ಮನೆಗಳಲ್ಲಿ ವಾರ ಕಳೆದರೂ ಕರೆಂಟು ಬರಲಿಲ್ಲ.

ಊರಿನಿಂದ ಬರುವ ತಂದೆತಾಯಿಗೆ ಇದೇ ನೆಲಮಾಳಿಗೆಯಲ್ಲಿ ಕೋಣೆ ಮಾಡಿಕೊಡುವವರು ಮೊದಲು ರೇಡಾನ್ ಪರೀಕ್ಷೆ ಮಾಡಿಸಬೇಕು. ಮಣ್ಣಿನಿಂದ ಮನೆಯೊಳಕ್ಕೆ ಸೇರುವ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣ, ಮತ್ತು ಅಯೋವಾದ 99 ಕೌಂಟಿಗಳೂ (ನಮ್ಮ ಜಿಲ್ಲೆಗಳಂಥವು) ಹೆಚ್ಚಿನ ಅಪಾಯದ ವಲಯದಲ್ಲಿವೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಅದನ್ನು ಹೊರಹಾಕುವ ಕೊಳವೆ, ಫ್ಯಾನು ಹಾಕಿಸಿ. ಲಕ್ಷಗಟ್ಟಲೆ ಡಾಲರಿನ ಮನೆ ಕೊಂಡು ಈ ಅಗ್ಗದ ಪರೀಕ್ಷೆಗೆ ಹಿಂದೆಮುಂದೆ ನೋಡುವುದು ನಮಗೆ ಅರ್ಥವಾಗಿಲ್ಲ.

ಚಳಿಗಾಲದ ಕಾರು

ಕಂಬಳಿ, ಸಲಿಕೆ, ಟಾರ್ಚು, ನೀರು, ತಿನಿಸು, ಅರ್ಧಕ್ಕಿಂತ ಕೆಳಗಿಳಿಯದ ಪೆಟ್ರೋಲು. ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಎಂಜಿನ್ ಚಾಲೂ ಮಾಡುವ ಮುನ್ನ ಹೊಗೆಕೊಳವೆಯ ಬಾಯಿಗೆ ಕವಿದ ಹಿಮವನ್ನು ತೆಗೆಯಿರಿ.

ಹೊಲ ಮತ್ತು ನೆರೆಯವರು

ದಾವಣಗೆರೆ, ಹಾವೇರಿ ಕಡೆಯವರಿಗೆ ಮೆಕ್ಕೆಜೋಳದ ಹೊಲ ಕಂಡರೆ ಕೈ ತಡೆಯದು. ಇಲ್ಲಿ ಕಾಣುವ ಬಹುಪಾಲು ಬೆಳೆ ಪಶುಆಹಾರಕ್ಕೂ ಎಥನಾಲ್‌ಗೂ ಹೋಗುವಂಥದು, ಸುಟ್ಟು ತಿನ್ನುವಂಥದಲ್ಲ. ತೆನೆ ಮುರಿದರೆ ಅದು ಕಳ್ಳತನವೇ. ಸಿಹಿಜೋಳ ಬೇಕಿದ್ದರೆ ಜುಲೈ, ಆಗಸ್ಟ್‌ನಲ್ಲಿ ರಸ್ತೆಬದಿಯ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವೆಡೆ ಮಾರುವವರೂ ಇರುವುದಿಲ್ಲ, ಡಬ್ಬಿಯಲ್ಲಿ ಹಣ ಹಾಕಿ ಒಯ್ಯಬೇಕು. ಪೂರ್ತಿ ಹಣ ಹಾಕಿ, ನಮ್ಮೆಲ್ಲರ ಮಾನ ಅದರಲ್ಲಿದೆ.

ಈ ನಾಡಿನಲ್ಲಿ ಹೊರಗಿನವರು ನಾವೊಬ್ಬರೇ ಎಂದು ಕುಗ್ಗಬೇಕಿಲ್ಲ, ನಾವೇ ಮೊದಲು ಬಂದವರೆಂದು ಬೀಗಲೂಬಾರದು. ನೆಲ ಕಳೆದುಕೊಂಡ, ಅಮೆರಿಕದ ಮೂಲನಿವಾಸಿಗಳಾದ ಮೆಸ್ಕ್ವಾಕಿ ಜನ 1857ರಲ್ಲಿ ಟಾಮಾ ಕೌಂಟಿಯಲ್ಲಿ 80 ಎಕರೆಯನ್ನು ತಾವೇ ಹಣ ಕೊಟ್ಟು ಕೊಂಡು ಮರಳಿ ನೆಲೆಯೂರಿದರು. ಸೀಡರ್ ರಾಪಿಡ್ಸ್‌ನಲ್ಲಿ 1934ರಲ್ಲೇ ಅರಬ್ ವಲಸಿಗರು ಕಟ್ಟಿದ ಮಸೀದಿ ಇಂದಿಗೂ ಇದೆ. ಇಲ್ಲಿಯ ಕ್ರೆಸ್ಕೊ ಊರಿನ ಬಳಿ ಹುಟ್ಟಿದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಗೋಧಿ ಭಾರತದ ಹೊಲಗಳಿಗೆ ಬಂದದ್ದನ್ನು ಇಲ್ಲಿನ ರೈತರೊಡನೆ ಮಾತಿಗೆ ತೆಗೆದು ನೋಡಿ.

ರಸ್ತೆ

ಮುಂದಿನ ಗಾಡಿಯ ಹಿಂಬದಿಗೆ ಕಿತ್ತಳೆ ತ್ರಿಕೋನವಿದ್ದರೆ ಅದು ನಿಧಾನ ವಾಹನ. ಆಗಸ್ಟ್‌ನಲ್ಲಿ ಎತ್ತರದ ಜೋಳ ಅಡ್ಡಬಂದು ಜಲ್ಲಿರಸ್ತೆಯ ಕೂಡುದಾರಿ ಕಾಣಿಸದು. ಅಕ್ಟೋಬರ್, ನವೆಂಬರ್ ಜಿಂಕೆಗಳು ರಸ್ತೆಗೆ ಅಡ್ಡಬರುವ ಕಾಲ. ದೀಪಾವಳಿ, ರಾಜ್ಯೋತ್ಸವಗಳಿಗೆ ಬಂದು ಕತ್ತಲಲ್ಲಿ ಮರಳುವವರು ವೇಗ ತಗ್ಗಿಸಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇರುತ್ತದೆ, ಎದುರಾದರೆ ಬ್ರೇಕ್ ಒತ್ತಿ, ಪಕ್ಕಕ್ಕೆ ತಿರುಗಿಸಬೇಡಿ.